ಗ್ಯಾರೇಜಿನ ಉತ್ತರ: ಬೊಡ್ಡೆ ಅರೆಯುವ ಮಷೀನು ಕೊಳ್ಳಬೇಕೇ?

ಮೂರು ತಿಂಗಳ ಹಿಂದೆ ರೋಟವೇಟರ್ ಬಗ್ಗೆ ಕೇಳಿದವರಿಗೆ ಉತ್ತರ ಬರೆಯುವಾಗ, ನಮ್ಮ ಹತ್ತಿರ ಒಂದು ಸ್ಟಂಪ್ ಗ್ರೈಂಡರೂ, ಅಂದರೆ ಕಡಿದ ಮರದ ಬೊಡ್ಡೆ ಅರೆಯುವ ಮಷೀನೂ ಇದೆ ಎಂದು ಎರಡು ಸಾಲು ಸೇರಿಸಿದ್ದೆ. ಬರೆಯದಿದ್ದರೆ ಚೆನ್ನಾಗಿತ್ತೇನೋ. ಅಲ್ಲಿಂದಾಚೆ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಅದೇ ವಿಷಯ. ಹಾಗಾಗಿ ಈ ಸಲ ಪೂರ್ತಿ ಬೊಡ್ಡೆ ಪುರಾಣ. ಡೀಸೆಲ್ ಪಂಪಿನ ಬಗ್ಗೆ, ಲಿಫ್ಟ್ ಇಳಿಯುವ ಬಗ್ಗೆ ಕೇಳಿದವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಿ.

ಮಷೀನು ನೋಡದವರಿಗೆ ಮೊದಲು ಹೇಳಿಬಿಡುತ್ತೇನೆ. ಟ್ರ್ಯಾಕ್ಟರ್ ಹಿಂದೆ ಮೂರು ಕಡೆ ಪಿನ್ ಹಾಕಿ ಕೂರಿಸುವ ಯಂತ್ರ ಇದು. ಪಿಟಿಓ ಶಾಫ್ಟಿನಿಂದ, ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದಿನ ಯಂತ್ರಕ್ಕೆ ದಾಟಿಸುವ ತಿರುಗುವ ಕೋಲಿನಿಂದ, ಒಂದು ದಪ್ಪ ಉಕ್ಕಿನ ಚಕ್ರ ತಿರುಗುತ್ತದೆ. ಚಕ್ರದ ಅಂಚಿಗೆ, ಪಕ್ಕೆಗೆ ಕಾರ್ಬೈಡ್ ಹಲ್ಲುಗಳನ್ನು ಬೋಲ್ಟ್ ಮಾಡಿರುತ್ತಾರೆ. ಹೈಡ್ರಾಲಿಕ್ ಸಿಲಿಂಡರು ಈ ಚಕ್ರವನ್ನು ಎಡಕ್ಕೆ ಬಲಕ್ಕೆ ಓಲಾಡಿಸುತ್ತದೆ. ಪ್ರತಿ ಓಲಾಟಕ್ಕೆ ಬೊಡ್ಡೆಯ ಒಂದು ಪದರ ಪುಡಿಯಾಗಿ ಹಾರುತ್ತದೆ. ನಮ್ಮ ತಿಪಟೂರು ಕಡೆಯವರಿಗಾದರೆ ತುರಿಮಣೆ ಅಂದರೆ ಸಾಕು. ಮನೆಯಲ್ಲಿ ತುರಿಮಣೆ ಕದಲುವುದಿಲ್ಲ, ಕಾಯಿ ತಿರುಗುತ್ತದೆ. ಇಲ್ಲಿ ಕಾಯಿ ನೆಲದಲ್ಲಿ ಹೂತಿರುತ್ತದೆ, ತುರಿಮಣೆಯೇ ತಿರುಗುತ್ತದೆ. ನೆಲದಿಂದ ಒಂಬತ್ತು ಇಂಚಿನಿಂದ ಒಂದಡಿ ಕೆಳಗಿನವರೆಗೆ ಅರೆಯುತ್ತದೆ. ಅದಕ್ಕಿಂತ ಆಳದ ಬೇರು ಅಲ್ಲೇ ಉಳಿಯುತ್ತದೆ. ಈ ಕೊನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಓದುಗರ ಕಾಗದಗಳನ್ನು, ನನ್ನ ಉತ್ತರಗಳನ್ನು ಮುಂದೆ ಓದಿ.

ಎರಡೂವರೆ ಎಕರೆ ನೀಲಗಿರಿ ಕಡಿಸಿದ್ದೇನೆ. ಮೂರು ಸಲ ಕೂಳೆ ಬಿಟ್ಟ ಮರ. ಎಣಿಸಿದರೆ ಸುಮಾರು 1,400 ಬೊಡ್ಡೆ ಇವೆ. ರಾಗಿ ಹಾಕಬೇಕು, ಒಂದು ಕಡೆ ಮಾವು ಇಡಬೇಕು ಅಂತ ಆಸೆ. ನನ್ನದು 45 ಎಚ್‌ಪಿ ಟ್ರ್ಯಾಕ್ಟರ್. ಗ್ರೈಂಡರ್ ತೆಗೆದುಕೊಂಡರೆ ಹೇಗೆ?
ಶ್ರೀನಿವಾಸಪುರ ತಾಲ್ಲೂಕಿನ ಓದುಗರು

ಬೇಡ ಸ್ವಾಮಿ. ಮಷೀನು ಇಟ್ಟುಕೊಂಡವನೇ ಬೇಡ ಅನ್ನುತ್ತಿದ್ದೇನೆ, ಲೆಕ್ಕ ಕೇಳಿ.

ಕೂಳೆ ಬಿಟ್ಟ ನೀಲಗಿರಿ ಬೊಡ್ಡೆ ಅಂದರೆ ಒಂದು ಮರ ಅಲ್ಲ. ಸುತ್ತ ನಾಲ್ಕೈದು ಕೊಂಬೆ ಎದ್ದು, ಬುಡ ಗಡಿಗೆಯ ಹಾಗೆ ಊದಿಕೊಂಡಿರುತ್ತದೆ. 45 ಎಚ್‌ಪಿಯಲ್ಲಿ ಅಂಥದ್ದೊಂದಕ್ಕೆ ನನ್ನ ಕೈಯಲ್ಲಿ ಹತ್ತು ನಿಮಿಷ ಹಿಡಿಯುತ್ತದೆ, ಒಂದರಿಂದ ಇನ್ನೊಂದಕ್ಕೆ ಟ್ರ್ಯಾಕ್ಟರ್ ಹೊಂದಿಸುವುದೂ ಸೇರಿ. 1,400 ಬೊಡ್ಡೆಗೆ 233 ಗಂಟೆ. ದಿನಕ್ಕೆ ಆರು ಗಂಟೆ ಓಡಿಸಿದರೆ 39 ದಿನ. ಗಂಟೆಗೆ ಐದು ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಹಿಡಿದರೆ ಡೀಸೆಲ್ ಖರ್ಚೇ ಒಂದು ಲಕ್ಷ ದಾಟುತ್ತದೆ. ಹಲ್ಲು ಸವೆದದ್ದು, ಮಷೀನಿನ ದುಡ್ಡು, ನಿಮ್ಮ ಸೊಂಟ ಯಾವುದನ್ನೂ ಇದರಲ್ಲಿ ಸೇರಿಸಿಲ್ಲ.

ಈಗ ಜೆಸಿಬಿ. ಮಣ್ಣು ಹದವಾಗಿದ್ದಾಗ ಒಳ್ಳೆಯ ಆಪರೇಟರು ಒಂದು ಬೊಡ್ಡೆಗೆ ನಾಲ್ಕು ನಿಮಿಷದ ಮೇಲೆ ತೆಗೆದುಕೊಳ್ಳುವುದಿಲ್ಲ. 93 ಗಂಟೆ. ನಮ್ಮ ಕಡೆಯ ದರ ಗಂಟೆಗೆ 1,200 ರೂಪಾಯಿ. ಒಟ್ಟು 1,12,000 ಆಯಿತು. ನಿಮ್ಮ ಕಡೆಯ ದರ ಹಾಕಿ ನೋಡಿಕೊಳ್ಳಿ. ಖರ್ಚು ಹೆಚ್ಚುಕಡಿಮೆ ಸಮ, ಕೆಲಸ ಹದಿನೈದು ದಿನಕ್ಕೆ ಮುಗಿಯುತ್ತದೆ, ಬೇರುಸಮೇತ ಮೇಲೆ ಬರುತ್ತದೆ. ಮಾವಿಗೆ ಮೂರಡಿ ಗುಂಡಿ ತೋಡುವವರು ನೀವು. ಗ್ರೈಂಡರ್ ಅರೆದ ಜಾಗದಲ್ಲಿ ಒಂದಡಿ ಕೆಳಗೆ ನೀಲಗಿರಿ ಬೇರು ಕಾಯುತ್ತಿರುತ್ತದೆ, ಗುದ್ದಲಿ ಠಣ್ ಅನ್ನುತ್ತದೆ. ಕಿತ್ತ ಬೊಡ್ಡೆಯನ್ನು ಸೌದೆಗೆ ಕೊಳ್ಳುವವರು ಸಿಕ್ಕರೆ ಬಾಡಿಗೆಯಲ್ಲಿ ಒಂದಿಷ್ಟು ಅಲ್ಲೇ ಹುಟ್ಟುತ್ತದೆ.

ಜೆಸಿಬಿಯಲ್ಲೂ ತೊಂದರೆ ಇಲ್ಲದಿಲ್ಲ. ಅಡಿಮಣ್ಣು ಮೇಲೆ, ಮೇಲ್ಮಣ್ಣು ಗುಂಡಿಗೆ ಹೋದರೆ ಆ ಜಾಗದಲ್ಲಿ ರಾಗಿ ಎರಡು ಮೂರು ವರ್ಷ ಸೊರಗುತ್ತದೆ. ಹೊಲದ ತುಂಬ ಚಿರತೆ ಮಚ್ಚೆಯ ಹಾಗೆ ಕಾಣುತ್ತದೆ. ಆಪರೇಟರ್ ಪಕ್ಕದಲ್ಲೇ ನಿಂತುಕೊಂಡು, ಬೊಡ್ಡೆ ಎತ್ತಿದ ಮೇಲೆ ಎರಡು ಸಲ ಕೊಡವಿಸಿ, ಮಣ್ಣು ಅದೇ ಗುಂಡಿಗೆ ಬೀಳಲಿ. ಅಶ್ವಿನಿ, ಭರಣಿ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಕರೆಸಿ. ಒಣ ನೆಲದಲ್ಲಿ ಬೇರು ಕಿತ್ತು ಬರುವುದಿಲ್ಲ, ತುಂಡಾಗುತ್ತದೆ. ಅಲ್ಲಿಗೆ ಗಂಟೆ ಎಣಿಸುತ್ತಾ ಕೂರಬೇಕಾದವರು ನೀವು.

ರಾಜ್ಯದಲ್ಲಿ ಹೊಸದಾಗಿ ನೀಲಗಿರಿ, ಅಕೇಶಿಯ ನೆಡುವುದನ್ನು 2017ರಲ್ಲಿ ನಿಷೇಧಿಸಿದ ಮೇಲೆ ನಿಮ್ಮ ಜಿಲ್ಲೆಯಿಂದ ಇದೇ ಪ್ರಶ್ನೆ ತುಂಬ ಬರುತ್ತಿದೆ. ಎಲ್ಲರಿಗೂ ನನ್ನದು ಒಂದೇ ಮಾತು. ಖಾಲಿ ಹೊಲ ಸಾರಾಸಗಟು ಬಿಡಿಸುವುದಾದರೆ ಜೆಸಿಬಿ ಅಥವಾ ಹಿಟಾಚಿ. ಗ್ರೈಂಡರಿಗೆ ಕೆಲಸ ಇರುವುದು ಬೇರೆ ಕಡೆ: ನಿಂತಿರುವ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಬೊಡ್ಡೆ ಇದ್ದಾಗ, ಪಕ್ಕದಲ್ಲಿ ಡ್ರಿಪ್ ಪೈಪು, ಕಾಂಪೌಂಡು, ಮನೆಯ ತಳಪಾಯ ಇದ್ದಾಗ, ಜೆಸಿಬಿ ತಿರುಗಲು ಜಾಗ ಇಲ್ಲದಾಗ.

ನನ್ನ 39 ಎಚ್‌ಪಿ ಹಳೇ ಟ್ರ್ಯಾಕ್ಟರಿಗೆ ಗ್ರೈಂಡರ್ ಕೂರುತ್ತದೆಯೇ? ಮಾರುವವರು "ಯಾವ ಟ್ರ್ಯಾಕ್ಟರಿಗಾದರೂ ಕೂರುತ್ತೆ ಬಿಡಿ ಸಾರ್" ಅನ್ನುತ್ತಾರೆ. ಬಾಡಿಗೆಗೆ ಓಡಿಸುವ ಯೋಚನೆ ಇದೆ.
ಕಡೂರಿನಿಂದ ಒಬ್ಬರು

ಕೂರುವುದು ಕೂರುತ್ತದೆ. ಎಮ್ಮೆಯ ಮೇಲೆ ಅಂಬಾರಿಯೂ ಕೂರುತ್ತದೆ.

ಮೊದಲನೆಯದು, ಬಾನೆಟ್ ಮೇಲೆ ಬರೆದ ಎಚ್‌ಪಿ ಎಂಜಿನ್ನಿನದು. ಪಿಟಿಓಗೆ ಬರುವಾಗ ಅದರಲ್ಲಿ ನೂರಕ್ಕೆ ಹತ್ತು ಹದಿನೈದು ಭಾಗ ದಾರಿಯಲ್ಲೇ ಖರ್ಚಾಗಿರುತ್ತದೆ. ನಿಮ್ಮ 39ರಲ್ಲಿ ಪಿಟಿಓಗೆ ಬರುವುದು 33, 34. ಗ್ರೈಂಡರ್ ಪುಸ್ತಕದಲ್ಲಿ "ಕನಿಷ್ಠ 35" ಎಂದಿದ್ದರೆ ಅದು ಪಿಟಿಓದ್ದೋ ಎಂಜಿನ್ನಿನದೋ ಎಂದು ಕೇಳಿ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಅವರ ಹತ್ತಿರ ಕೊಳ್ಳಬೇಡಿ.

ಎರಡನೆಯದು ಸುತ್ತು. ನಮ್ಮ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಿಮಿಷಕ್ಕೆ 540 ಸುತ್ತಿನ, ಆರು ಸ್ಪ್ಲೈನಿನ (ಉದ್ದಕ್ಕೆ ಆರು ಏಣು ಇರುವ) ಶಾಫ್ಟು. 1,000 ಸುತ್ತಿಗೆಂದೇ ಮಾಡಿದ ಗ್ರೈಂಡರುಗಳೂ ಇವೆ. ಅದನ್ನು ತಂದು 540ಕ್ಕೆ ಹಾಕಿದರೆ ಹಲ್ಲು ಕಚ್ಚುವುದಿಲ್ಲ, ಉಜ್ಜುತ್ತದೆ. ಬೊಡ್ಡೆ ಬಿಸಿಯಾಗಿ ಹೊಗೆ ಬರುತ್ತದೆ ಅಷ್ಟೆ. ಇನ್ನು ಕೆಲವು ಟ್ರ್ಯಾಕ್ಟರುಗಳಲ್ಲಿ ಎಕಾನಮಿ ಪಿಟಿಓ ಇರುತ್ತದೆ. ಕಡಿಮೆ ಎಂಜಿನ್ ಸುತ್ತಿನಲ್ಲೇ 540 ಕೊಡುತ್ತದೆ, ಡೀಸೆಲ್ ಉಳಿಯುತ್ತದೆ, ಸ್ಪ್ರೇಯರಿಗೆ ಒಳ್ಳೆಯದು. ಗ್ರೈಂಡರಿಗೆ ಮಾತ್ರ ಬೇಡ, ಆ ಸುತ್ತಿನಲ್ಲಿ ಎಂಜಿನ್ನಿಗೆ ಅಷ್ಟು ಶಕ್ತಿ ಇರುವುದಿಲ್ಲ. ರಿವರ್ಸ್ ಪಿಟಿಓ ಅಂತೂ ಮುಟ್ಟಲೇಬೇಡಿ. ಹಲ್ಲಿನ ಮುಖ ಒಂದೇ ಕಡೆಗೆ.

ಮೂರನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಅನುಭವದಲ್ಲಿ ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ. ಚಕ್ರವನ್ನು ಓಲಾಡಿಸಲು ಸಿಲಿಂಡರಿಗೆ ಎಣ್ಣೆ ಎಲ್ಲಿಂದ ಬರುತ್ತದೆ? ನಿಮ್ಮ ಟ್ರ್ಯಾಕ್ಟರಿನಲ್ಲಿ ಡಬಲ್ ಆಕ್ಟಿಂಗ್ ಡಿಸಿವಿ ಇದೆಯೇ ನೋಡಿ, ಅಂದರೆ ಹೋಗುವುದಕ್ಕೂ ಬರುವುದಕ್ಕೂ ಎರಡು ಪೈಪು ಸಿಕ್ಕಿಸುವ ಜಾಗ. ಟ್ರೇಲರ್ ಎತ್ತಲು ಮಾತ್ರ ಇರುವ ಒಂಟಿ ಪೈಪಿನ ಜೋಡಣೆ ಸಾಲದು. ಎಷ್ಟೋ ಹಳೇ ಗಾಡಿಗಳಲ್ಲಿ ಡಿಸಿವಿಯೇ ಇಲ್ಲ. ಕೆಲವು ಗ್ರೈಂಡರುಗಳಿಗೆ ಸ್ವಂತ ಪಂಪು, ಸ್ವಂತ ಎಣ್ಣೆ ಟ್ಯಾಂಕು ಇರುತ್ತದೆ. ಬೆಲೆ ಜಾಸ್ತಿ, ಆದರೆ ನಿಮ್ಮಂಥ ಗಾಡಿಗೆ ಅದೇ ಸರಿ. ಓಲಾಟವೇ ಇಲ್ಲದ ಅಗ್ಗದ ಮಾದರಿಯನ್ನೂ ತೋರಿಸುತ್ತಾರೆ. ಲಿಫ್ಟ್ ಎತ್ತಿ ಇಳಿಸಿ, ಟ್ರ್ಯಾಕ್ಟರನ್ನೇ ಅಂಗುಲ ಅಂಗುಲ ಸರಿಸಿ ಅರೆಯಬೇಕು. ಸಿಂಗಲ್ ಕ್ಲಚ್ ಗಾಡಿಯಲ್ಲಿ ಕ್ಲಚ್ ಒತ್ತಿದರೆ ಪಿಟಿಓ ಕೂಡ ನಿಲ್ಲುತ್ತದೆ, ಹಾಗಾಗಿ ಅದು ಆಗದ ಕೆಲಸ. ಡಬಲ್ ಕ್ಲಚ್ ಅಥವಾ ಸ್ವತಂತ್ರ ಪಿಟಿಓ ಇದ್ದರೂ ಕಾಲು ಸೋಲುತ್ತದೆ.

ಪಿನ್ನುಗಳ ದಪ್ಪ ನೋಡಿಕೊಳ್ಳಿ. ಕೆಳಗಿನ ಲಿಂಕಿನ ಪಿನ್ನು 22 ಮಿಲಿಮೀಟರ್ ಇದ್ದರೆ ಒಂದನೇ ಕೆಟಗರಿ, 28 ಇದ್ದರೆ ಎರಡನೇದು. ಬುಷ್ ಹಾಕಿ ಹೊಂದಿಸಬಹುದು, ಕಂಬಿ ಸುತ್ತಿ ಹೊಂದಿಸಬಾರದು.

ಇನ್ನು ತೂಕ. ನಾಲ್ಕೈದು ಕ್ವಿಂಟಾಲ್ ಕಬ್ಬಿಣ ಹಿಂದೆ ನೇತಾಡುತ್ತಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತಕ್ಕೆ ಸಿಗುವುದಿಲ್ಲ. ನಾನು ಮಾಡಿದ್ದು ಹೇಳುತ್ತೇನೆ. ಕೊಬ್ಬರಿ ಮಾರ್ಕೆಟ್ ರಸ್ತೆಯ ವೇಬ್ರಿಡ್ಜಿಗೆ ಹೋಗಿ, ಮೊದಲು ಬರೀ ಟ್ರ್ಯಾಕ್ಟರಿನ ಪೂರ್ತಿ ತೂಕ ಹಾಕಿಸಿದೆ. ಆಮೇಲೆ ಗ್ರೈಂಡರ್ ಸಿಕ್ಕಿಸಿ, ಎತ್ತಿ, ಮುಂದಿನ ಎರಡು ಚಕ್ರ ಮಾತ್ರ ಹಲಗೆಯ ಮೇಲೆ ನಿಲ್ಲಿಸಿದೆ. ಖಾಲಿ ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ ಮುಂದೆ ಇರಬೇಕು. ನನ್ನದರಲ್ಲಿ ಇರಲಿಲ್ಲ. ಬಂಪರಿಗೆ ನಾಲ್ಕು ತೂಕದ ಕಲ್ಲು ಹಾಕಿಸಿದ ಮೇಲೆ ಸರಿಹೋಯಿತು. ವೇಬ್ರಿಡ್ಜಿನ ಹುಡುಗ ನಗುತ್ತಿದ್ದ, ನಗಲಿ.

ಬಾಡಿಗೆಯ ಬಗ್ಗೆ: ನಾವು ಮೂವರು ಸೇರಿ ತೆಗೆದುಕೊಂಡು ನಾಲ್ಕು ವರ್ಷ ಆಯಿತು. ಗಂಟೆಗಲ್ಲ, ಬೊಡ್ಡೆಗೆ ಇಷ್ಟು ಎಂದು ದರ ಮಾಡಿದ್ದೇವೆ, ಅಡ್ಡಳತೆಯ ಮೇಲೆ. ಗಂಟೆ ಲೆಕ್ಕ ಹಾಕಿದರೆ ತೋಟದವರು ಪಕ್ಕ ನಿಂತು ಅವಸರ ಮಾಡುತ್ತಾರೆ, ಅವಸರ ಮಾಡಿದರೆ ಹಲ್ಲು ಮುರಿಯುತ್ತದೆ. ಸಬ್ಸಿಡಿ ಕೊಡಿಸುತ್ತೇವೆ ಅಂದರೆ ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಮುಂಗಡ ಕೊಡಬೇಡಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಆ ಮಾದರಿಗೆ ಪರೀಕ್ಷಾ ವರದಿ ಇದೆಯೇ ಎಂದು ನೀವೇ ಕೇಳಿ.

ಅಣ್ಣ, ನಮ್ಮ ತೋಟದಲ್ಲಿ ಎರಡು ವರ್ಷದಲ್ಲಿ 11 ತೆಂಗು ಹೋದವು. ಬುಡದಲ್ಲಿ ಕೆಂಪು ಕಂದು ರಸ ಸೋರುತ್ತಿತ್ತು. ಮರ ಕಡಿಸಿದ್ದೇವೆ, ಬೊಡ್ಡೆ ಹಾಗೇ ಇದೆ. ಅರೆಸಿ ಅದೇ ಗುಂಡಿಗೆ ಹೊಸ ಸಸಿ ಇಡಬೇಕು ಅಂತಿದ್ದೇವೆ. ನಿಮ್ಮ ಮಷೀನು ಚನ್ನರಾಯಪಟ್ಟಣಕ್ಕೆ ಬರುತ್ತದೆಯೇ?

ಬರುವುದಿಲ್ಲ ತಂಗಿ. ದೂರ ಅಂತಲ್ಲ, ನಿಮ್ಮ ತೋಟಕ್ಕೆ ಬರಬಾರದು.

ನೀವು ಬರೆದಿರುವುದು ಅಣಬೆ ರೋಗದ ಲಕ್ಷಣದ ಹಾಗೇ ಇದೆ. ಮಳೆಗಾಲದಲ್ಲಿ ಬೊಡ್ಡೆಯ ಬುಡದಲ್ಲಿ ಗಟ್ಟಿಯಾದ, ಮೇಲೆ ವಾರ್ನಿಷ್ ಹೊಡೆದ ಹಾಗೆ ಹೊಳೆಯುವ ಅಣಬೆ ಎದ್ದದ್ದು ನೋಡಿದ್ದೀರಾ? ನೋಡಿದ್ದರೆ ಅನುಮಾನವೇ ಬೇಡ. ಆ ಶಿಲೀಂಧ್ರ ಮಣ್ಣಿನಲ್ಲಿ, ಸತ್ತ ಬೇರಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಬೇರಿನಿಂದ ಬೇರಿಗೆ, ಹರಿಸಿದ ನೀರಿನಿಂದ ಪಕ್ಕದ ಮರಕ್ಕೆ ದಾಟುತ್ತದೆ. ಗ್ರೈಂಡರ್ ಏನು ಮಾಡುತ್ತದೆ ಗೊತ್ತೇ? ಮೇಲಿನ ಒಂದಡಿಯನ್ನು ಪುಡಿ ಮಾಡಿ ಸುತ್ತ ಮುವ್ವತ್ತು ಅಡಿ ಎರಚುತ್ತದೆ, ಕೆಳಗಿನ ಬೇರಿನ ಗಡ್ಡೆಯನ್ನು ಹಾಗೇ ಬಿಡುತ್ತದೆ. ರೋಗವನ್ನು ಬಿತ್ತನೆ ಮಾಡಿದ ಹಾಗೆ. ಮಾರನೇ ದಿನ ಅದೇ ಚಕ್ರದಲ್ಲಿ ಸೇರಿಕೊಂಡ ಪುಡಿಯನ್ನು ನಾನು ಇನ್ನೊಬ್ಬರ ತೋಟಕ್ಕೆ ಹೊತ್ತುಕೊಂಡು ಹೋಗುತ್ತೇನೆ. ಮೊದಲ ವರ್ಷ ಇದು ತಿಳಿಯದೆ ಎರಡು ತೋಟದಲ್ಲಿ ಅರೆದಿದ್ದೇನೆ. ಒಂದು ತೋಟದಲ್ಲಿ ಆಮೇಲೆ ಇನ್ನೂ ಆರು ಮರ ಹೋದವು. ನನ್ನಿಂದಲೇ ಹೋದವೋ, ಹೇಗಿದ್ದರೂ ಹೋಗುತ್ತಿದ್ದವೋ ದೇವರೇ ಬಲ್ಲ. ಆ ತೋಟದವರು ಸಂತೆಯಲ್ಲಿ ಸಿಕ್ಕರೆ ಈಗಲೂ ನಾನು ಕಣ್ಣು ತಪ್ಪಿಸುತ್ತೇನೆ.

ನೀವು ಮಾಡಬೇಕಾದದ್ದು: ಜೆಸಿಬಿ ಕರೆಸಿ ಬೊಡ್ಡೆಯನ್ನು ಗಡ್ಡೆ, ಬೇರು ಸಮೇತ ಕೀಳಿಸಿ. ತೆಂಗಿಗೆ ತಾಯಿಬೇರಿಲ್ಲ, ಜಡೆಯ ಹಾಗೆ ಹರಡಿದ ದಾರದ ಬೇರು, ಹಾಗಾಗಿ ಗಡ್ಡೆ ಎತ್ತಿದರೆ ಬರುತ್ತದೆ. ಕಿತ್ತದ್ದನ್ನು ಅಲ್ಲೇ ಸುಡಿ, ಸೌದೆಗೆಂದು ಮನೆ ಹಿತ್ತಲಿಗೆ ತರಬೇಡಿ. ರೋಗದ ಜಾಗದ ಸುತ್ತ ಎರಡಡಿ ಆಳ, ಒಂದಡಿ ಅಗಲದ ಕಾಲುವೆ ತೆಗೆಸಿ, ಬೇರುಗಳ ಸಂಪರ್ಕ ಕಡಿಯಲಿ. ಮರದಿಂದ ಮರಕ್ಕೆ ನೀರು ಹಾಯಿಸುವುದನ್ನು ನಿಲ್ಲಿಸಿ, ಪ್ರತಿ ಮರಕ್ಕೆ ಬೇರೆ ಪಾತಿ ಮಾಡಿ, ಇಲ್ಲವೇ ಡ್ರಿಪ್ ಹಾಕಿ. ಉಳಿದ ಮರಗಳಿಗೆ ವರ್ಷಕ್ಕೆ ಐದು ಕೆಜಿ ಬೇವಿನ ಹಿಂಡಿ, ಅದರ ಜೊತೆ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ತಡೆಯುವ ಒಳ್ಳೆಯ ಶಿಲೀಂಧ್ರ) ಕೊಡಿ. ನಡುವೆ ಬಾಳೆ ಹಾಕಿದರೆ ಒಳ್ಳೆಯದು. ಅದೇ ಗುಂಡಿಗೆ ಈಗಲೇ ಸಸಿ ಬೇಡ. ನಾನು ಮೆಕ್ಯಾನಿಕ್, ರೋಗದ ಡಾಕ್ಟರಲ್ಲ. ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರದವರು ತೆಂಗಿನ ಮೇಲೆಯೇ ಕೆಲಸ ಮಾಡುವವರು, ನಿಮಗೆ ಹತ್ತಿರವೂ ಹೌದು. ಬುಡದ ಒಂದು ಚೂರು, ನಾಲ್ಕು ಫೋಟೋ ತೆಗೆದುಕೊಂಡು ಹೋಗಿ ತೋರಿಸಿ.

ಸಿಡಿಲು ಹೊಡೆದೋ ವಯಸ್ಸಾಗಿಯೋ ಹೋದ ಮರದ ಬೊಡ್ಡೆಯಾದರೆ ಧಾರಾಳವಾಗಿ ಅರೆಸಬಹುದು. ಕೊಳೆಯುವ ಬೊಡ್ಡೆಯಲ್ಲಿ ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟ ಮೊಟ್ಟೆ ಇಡುತ್ತದೆ, ಹಾಗಾಗಿ ಬಿಡುವುದಕ್ಕಿಂತ ಅರೆಸುವುದೇ ಮೇಲು.

ಸೆಕೆಂಡ್ ಹ್ಯಾಂಡ್ ಗ್ರೈಂಡರ್ ತೆಗೆದುಕೊಂಡೆ. ಪುಸ್ತಕ ಇಲ್ಲ. ಎರಡೇ ದಿನದಲ್ಲಿ ಶಿಯರ್ ಬೋಲ್ಟ್ ಆರು ಸಲ ಮುರಿಯಿತು. ಗಟ್ಟಿ ಬೋಲ್ಟ್ ಹಾಕಲೇ? ಓಡಿಸುವ ಕ್ರಮ ಹೇಳಿ ಸರ್.
ಹುಣಸೂರಿನ ಯುವಕರು

ಗಟ್ಟಿ ಬೋಲ್ಟ್ ಹಾಕಬೇಡ ತಮ್ಮ. ಹಾಕಿದವನು ಹೇಳುತ್ತಿದ್ದೇನೆ. ಒಂದು ಹುಣಸೆ ಬೊಡ್ಡೆ ಅರೆಯುವಾಗ ನನಗೂ ಹೀಗೇ ಆಯಿತು. ನಾಲ್ಕನೇ ಸಲ ಮುರಿದಾಗ ಸಿಟ್ಟು ಬಂದು, ಡಬ್ಬದಲ್ಲಿದ್ದ ಹೈಟೆನ್ಸೈಲ್ ಬೋಲ್ಟ್ ಬಿಗಿದೆ. ಇಪ್ಪತ್ತು ನಿಮಿಷ ಸ್ವರ್ಗ. ಆಮೇಲೆ ಬೊಡ್ಡೆಯೊಳಗೆ ಹುದುಗಿದ್ದ ಒಂದು ಕಲ್ಲಿಗೆ ಚಕ್ರ ಕಚ್ಚಿಕೊಂಡಿತು. ಬೋಲ್ಟ್ ಮುರಿಯಲಿಲ್ಲ, ಗೇರ್‌ಬಾಕ್ಸಿನ ಹಲ್ಲು ಮುರಿಯಿತು. ಮೂವತ್ತು ರೂಪಾಯಿ ಬೋಲ್ಟ್ ಉಳಿಸಲು ಹೋಗಿ ಹತ್ತೊಂಬತ್ತು ಸಾವಿರ ಕೊಟ್ಟೆ. ಶಿಯರ್ ಬೋಲ್ಟ್ ಹುಟ್ಟಿರುವುದೇ ತಾನು ಮುರಿದು ಗೇರ್‌ಬಾಕ್ಸ್ ಉಳಿಸಲಿಕ್ಕೆ. ಕಂಪನಿ ಹೇಳಿದ ಗ್ರೇಡಿನದ್ದನ್ನೇ ಹತ್ತು ತಂದು ಟೂಲ್ ಬಾಕ್ಸಿನಲ್ಲಿಟ್ಟುಕೋ.

ಆರು ಸಲ ಮುರಿದಿದೆ ಅಂದರೆ ಕಾರಣ ಎರಡರಲ್ಲೊಂದು. ಹಲ್ಲು ಮೊಂಡಾಗಿದೆ, ಇಲ್ಲವೇ ನೀನು ದೊಡ್ಡ ತುತ್ತು ಕೊಡುತ್ತಿದ್ದೀಯ. ಬೀಳುವ ಪುಡಿಯನ್ನು ಕೈಯಲ್ಲಿ ಹಿಡಿದು ನೋಡು, ಎಂಜಿನ್ ಆಫ್ ಮಾಡಿದ ಮೇಲೆ. ಹಸಿ ಬೊಡ್ಡೆಯಲ್ಲೂ ಅವಲಕ್ಕಿಯ ಹಾಗೆ ಚಕ್ಕೆ ಬರದೆ ಗರಗಸದ ಹೊಟ್ಟಿನ ಹಾಗೆ ನುಣ್ಣಗೆ ಬಂದರೆ ಹಲ್ಲು ಸತ್ತಿದೆ ಎಂದರ್ಥ. ಕಾರ್ಬೈಡನ್ನು ಮಾಮೂಲಿ ಸಾಣೆಕಲ್ಲಿಗೆ ಹಿಡಿದರೆ ಕಲ್ಲು ಸವೆಯುತ್ತದೆ, ಹಲ್ಲು ಸವೆಯುವುದಿಲ್ಲ. ಅದಕ್ಕೆ ಹಸಿರು ಕಲ್ಲು ಅಂತಲೇ ಬರುತ್ತದೆ. ತಿರುಗಿಸಿ ಹಾಕುವ ಮಾದರಿಯ ಹಲ್ಲಾದರೆ ತಿರುಗಿಸಿ ಹೊಸ ಅಂಚು ಹಾಕು. ಒಂದು ಹಲ್ಲು ಬದಲಾಯಿಸಿದರೆ ಚಕ್ರದಲ್ಲಿ ಅದರ ಎದುರಿಗಿರುವುದನ್ನೂ ಬದಲಾಯಿಸು. ಇಲ್ಲದಿದ್ದರೆ ತೂಕ ಏರುಪೇರಾಗಿ ಚಕ್ರ ಗುದ್ದುತ್ತದೆ, ಬೇರಿಂಗ್ ಹೋಗುತ್ತದೆ.

ಈಗ ಕ್ರಮ. ಮೊದಲು ಟ್ರ್ಯಾಕ್ಟರ್ ಇಳಿದು ನೆಲ ನೋಡು. ಬೊಡ್ಡೆಯ ಸುತ್ತ ಮೂರಡಿ ಮಣ್ಣು ಗುದ್ದಲಿಯಲ್ಲಿ ಕೆದರಿ ಕಲ್ಲು ಆರಿಸಿ ತೆಗೆ. ಬದುವಿನ ಮರಗಳಲ್ಲಿ ಮೊಳೆ, ಮುಳ್ಳುತಂತಿ ಇದ್ದೇ ಇರುತ್ತದೆ, ಮರ ಅದನ್ನು ನುಂಗಿ ಮೇಲೆ ತೊಗಟೆ ಬೆಳೆಸಿಕೊಂಡಿರುತ್ತದೆ. ಕೊಳವೆಬಾವಿಯ ಕೇಬಲ್ ಎಲ್ಲಿ ಹೋಗಿದೆ ಎಂದು ತೋಟದವರನ್ನು ಕೇಳು. ಅವರು "ಈ ಕಡೆ ಇಲ್ಲ" ಅಂದರೂ ಸ್ಟಾರ್ಟರ್ ಪೆಟ್ಟಿಗೆ ಎಲ್ಲಿದೆ, ಬಾವಿ ಎಲ್ಲಿದೆ ನೋಡಿ ನಡುವಿನ ಗೆರೆಯನ್ನು ನೀನೇ ಅಂದಾಜು ಮಾಡು, ಫ್ಯೂಸ್ ತೆಗೆಸು. ನಾನು ಒಮ್ಮೆ ಮಾತು ನಂಬಿ ಕೇಬಲ್ ತುಂಡು ಮಾಡಿದ್ದೇನೆ. ಆ ಹೊತ್ತಿಗೆ ತ್ರೀ ಫೇಸ್ ಕರೆಂಟು ಇರಲಿಲ್ಲ, ಅದಕ್ಕೇ ಈಗ ಈ ಅಂಕಣ ಬರೆಯುತ್ತಿದ್ದೇನೆ.

ಬೊಡ್ಡೆಯನ್ನು ಚೈನ್ ಗರಗಸದಲ್ಲಿ ಆದಷ್ಟು ನೆಲಮಟ್ಟಕ್ಕೆ ಕೊಯ್ಯಿಸು. ಟ್ರ್ಯಾಕ್ಟರ್ ಹಿಂದಕ್ಕೆ ತಂದು ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡು. ಪಿಟಿಓ ಶಾಫ್ಟು ಆದಷ್ಟು ನೇರ ಇರಲಿ. ಒಳಗಿನ ಕೊಳವೆ ಹೊರಗಿನದರೊಳಗೆ ಮೂರನೇ ಒಂದು ಭಾಗವಾದರೂ ಕೂತಿರಬೇಕು, ಹಾಗಂತ ಲಿಫ್ಟ್ ಎತ್ತಿದಾಗ ತಳ ಮುಟ್ಟಿ ಒದೆಯಬಾರದು. ಎಂಜಿನ್ ನಿಧಾನದಲ್ಲಿದ್ದಾಗ ಪಿಟಿಓ ಹಾಕು. ಆಮೇಲೆ ಮೀಟರಿನಲ್ಲಿ 540 ಗುರುತು ಇರುವಲ್ಲಿಗೆ ಆಕ್ಸಿಲರೇಟರ್ ತಂದು ಅಲ್ಲೇ ಬಿಡು. ಚಕ್ರ ಪೂರ್ತಿ ವೇಗ ತೆಗೆದುಕೊಂಡ ಮೇಲೆಯೇ ಬೊಡ್ಡೆಗೆ ಮುಟ್ಟಿಸಬೇಕು. ಬೊಡ್ಡೆಯ ಮೇಲೆ ಚಕ್ರ ಇಟ್ಟು ಸ್ಟಾರ್ಟ್ ಮಾಡುವವನಿಗೆ ಹತ್ತು ಶಿಯರ್ ಬೋಲ್ಟೂ ಸಾಲದು.

ಬೊಡ್ಡೆಯ ನಡುವಿಗೆ ಹೋಗಬೇಡ, ಅಂಚಿನಿಂದ ಶುರು ಮಾಡು. ಒಂದು ಅಂಗುಲ ಇಳಿಸು, ಎಡದಿಂದ ಬಲಕ್ಕೆ ಒಂದು ಓಲಾಟ. ಮತ್ತೆ ಒಂದು ಅಂಗುಲ, ಬಲದಿಂದ ಎಡಕ್ಕೆ. ಕಣ್ಣಿಗಿಂತ ಕಿವಿ ಮುಖ್ಯ. ಎಂಜಿನ್ ದನಿ ತಗ್ಗಿತೋ, ಓಲಾಟ ನಿಲ್ಲಿಸಿ ಚಕ್ರ ಉಸಿರು ತೆಗೆದುಕೊಳ್ಳಲು ಬಿಡು. ನಮ್ಮ ಟ್ರ್ಯಾಕ್ಟರಿನ ಲಿಫ್ಟ್ ಎತ್ತುತ್ತದೆ, ಕೆಳಗೆ ಒತ್ತುವುದಿಲ್ಲ. ಇಳಿಯುವುದು ಮಷೀನಿನ ಭಾರದಿಂದ. ಹಾಗಾಗಿ ಲಿವರ್ ಪೂರ್ತಿ ಬಿಟ್ಟರೆ ಐದು ಕ್ವಿಂಟಾಲೂ ಬೊಡ್ಡೆಯ ಮೇಲೆ ಕೂರುತ್ತದೆ. ನಿನ್ನ ಬೋಲ್ಟುಗಳು ಹೋದದ್ದು ಬಹುಶಃ ಅಲ್ಲೇ.

ಟಾಪ್ ಲಿಂಕಿನ ಉದ್ದ, ಗ್ರೀಸು, ಬೋಲ್ಟು ಬಿಗಿ: ಇವನ್ನೆಲ್ಲ ಬೆಳಿಗ್ಗೆ ಟೀ ಕುಡಿಯುವ ಮೊದಲು ನೋಡುವ ಅಭ್ಯಾಸ ಮಾಡಿಕೋ. ಮೊದಲ ಬೊಡ್ಡೆ ಮುಗಿದ ಮೇಲೆ ಹಲ್ಲಿನ ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡು.

ನನ್ನ ಮಗ ಬಾಡಿಗೆಗೆ ಗ್ರೈಂಡರ್ ಓಡಿಸುತ್ತಾನೆ. ಅವನಿಗೆ ಹೇಳಿದರೆ "ಅವ್ವಾ ನಿಂಗೇನ್ ಗೊತ್ತು" ಅಂತಾನೆ. ನೀವಾದರೂ ಏನಾದರೂ ಬರೆಯಿರಿ.
ಕೊರಟಗೆರೆಯ ತಾಯಿಯೊಬ್ಬರು

ಅಮ್ಮಾ, ಈ ಪುಟ ಅವನ ಕೈಗೆ ಕೊಡಿ.

540 ಸುತ್ತು ಅಂದರೆ ನಿಮಿಷಕ್ಕೆ. ಅರವತ್ತರಿಂದ ಭಾಗಿಸಪ್ಪ, ಸೆಕೆಂಡಿಗೆ ಒಂಬತ್ತು ಸುತ್ತು. ಹೆಗಲ ಮೇಲಿನ ಟವೆಲ್ಲಿನ ತುದಿ ಶಾಫ್ಟಿಗೆ ತಾಗಿತು ಅನ್ನು. ನೀನು "ಅಯ್ಯೋ" ಅನ್ನುವಷ್ಟರಲ್ಲಿ ಅದು ಒಂಬತ್ತು ಸುತ್ತು ಸುತ್ತಿ ಮುಗಿಸಿರುತ್ತದೆ, ಟವೆಲ್ಲಿನ ಇನ್ನೊಂದು ತುದಿ ನಿನ್ನ ಕುತ್ತಿಗೆಗಿರುತ್ತದೆ. ಪಂಚೆ, ಲುಂಗಿ, ಟವೆಲ್, ಉಡಿದಾರದಿಂದ ನೇತಾಡುವ ಬೀಗದ ಕೈ, ಕೈಗೆ ಕಟ್ಟಿದ ಉದ್ದ ದಾರ ಒಂದೂ ಬೇಡ. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವರನ್ನು "ಗ್ರೀಸ್ ಹೊಡೆಯಲು ಅಡ್ಡ" ಎಂದು ಬಿಚ್ಚಿ ಎಸೆಯುವುದು ನಮ್ಮ ಕಡೆಯ ಚಟ. ನನ್ನ ಗ್ಯಾರೇಜಿಗೆ ಬರುವ ಹತ್ತು ಗಾಡಿಯಲ್ಲಿ ಏಳಕ್ಕೆ ಆ ಕವರ್ ಇರುವುದಿಲ್ಲ. ಮೊದಲು ಅದನ್ನು ಹಾಕಿಸಪ್ಪ.

ಚಕ್ರಕ್ಕೆ ನಾರು ಸುತ್ತಿಕೊಂಡಾಗ, ತೆಂಗಿನ ಬೊಡ್ಡೆಯಲ್ಲಿ ಸುತ್ತಿಕೊಳ್ಳದೇ ಇರುವುದಿಲ್ಲ, ಪಿಟಿಓ ತೆಗೆದು, ಎಂಜಿನ್ ಆಫ್ ಮಾಡಿ, ಕೀ ಜೇಬಿಗೆ ಹಾಕಿಕೊಂಡು, ಚಕ್ರ ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿ ಆಮೇಲೆ ಕುಡುಗೋಲು ಹಾಕು. ಭಾರದ ಚಕ್ರ ಅದು, ಪಿಟಿಓ ತೆಗೆದರೂ ಸುಮಾರು ಹೊತ್ತು ತಿರುಗುತ್ತದೆ. ಲಿಫ್ಟಿನ ಕೆಳಗೆ ಮರದ ದಿಮ್ಮಿ ಕೊಡದೆ ಕೈ ಹಾಕಬೇಡ. ಕಣ್ಣಿಗೆ ಮುಖಪೂರ್ತಿ ಮುಚ್ಚುವ ಶೀಲ್ಡ್ ಹಾಕು. ಊರ ಹುಡುಗರು ನೋಡಲು ಬರುತ್ತಾರೆ, ಜೆಸಿಬಿಗಿಂತ ಇದಕ್ಕೇ ಜಾಸ್ತಿ ಬರುತ್ತಾರೆ. ನೂರು ಹೆಜ್ಜೆ ಆಚೆ ನಿಲ್ಲಿಸು. ಒಮ್ಮೆ ಒಂದು ಬೆಣಚುಕಲ್ಲು ನಮ್ಮ ಟ್ರ್ಯಾಕ್ಟರಿನಿಂದ ಅರವತ್ತು ಹೆಜ್ಜೆ ದೂರದ ಪಂಪ್‌ಹೌಸಿನ ಶೀಟಿಗೆ ತೂತು ಮಾಡಿತು. ನಾನೇ ಹೆಜ್ಜೆ ಹಾಕಿ ಅಳೆದೆ.

ಮೂಡಿಗೆರೆ ಕಡೆ ಇಳಿಜಾರು ಕಾಫಿ ತೋಟ. ಸಿಲ್ವರ್ ಓಕ್ ಬೊಡ್ಡೆ 30 ಇವೆ. ಟ್ರ್ಯಾಕ್ಟರ್ ಗ್ರೈಂಡರ್ ಆಗುತ್ತದೆಯೇ?

ಆಗುವುದಿಲ್ಲ. ಹಿಂದೆ ಭಾರ, ಅಡ್ಡ ಇಳಿಜಾರು, ಓಲಾಡುವ ಚಕ್ರ ಮೂರೂ ಸೇರಿದರೆ ಗಾಡಿ ಮಗುಚಲು ಬೇರೆ ಕಾರಣ ಬೇಕಿಲ್ಲ. ದಾರಿ ಪಕ್ಕದ, ಕಣದ ಹತ್ತಿರದ ಸಮತಟ್ಟಿನ ಬೊಡ್ಡೆ ಬೇಕಾದರೆ ಅರೆಸಿ. ಉಳಿದದ್ದನ್ನು ಆಳುಗಳಿಂದ ಬುಡ ಬಿಡಿಸಿ ತೆಗೆಸಿ, ಗಿಡದ ಬೇರಿಗೂ ಏಟು ಕಡಿಮೆ.

ಅರೆದ ಪುಡಿ ಗುಡ್ಡೆಗಟ್ಟಲೆ ಬಿದ್ದಿದೆ. ಗೊಬ್ಬರ ಎಂದು ಅಡಿಕೆ ಸಸಿಯ ಬುಡಕ್ಕೆ ಹಾಕಿದೆ, ಸಸಿ ಹಳದಿ ತಿರುಗಿದೆ. ಯಾಕೆ?
ತುರುವೇಕೆರೆಯಿಂದ

ಹಸಿ ಮರದ ಪುಡಿ ಗೊಬ್ಬರ ಅಲ್ಲ, ಗೊಬ್ಬರ ತಿನ್ನುವಂಥದ್ದು. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೆಲ್ಲ ತಾವೇ ಎಳೆದುಕೊಳ್ಳುತ್ತವೆ, ಸಸಿಗೆ ಉಳಿಯುವುದಿಲ್ಲ. ಮಣ್ಣಿನ ಜೊತೆ ಬೆರೆಸಿದ್ದರೆ ಇನ್ನೂ ಜಾಸ್ತಿ. ಈಗಲೇ ಬುಡದಿಂದ ಎಳೆದು ಹಾಕಿ, ಸಸಿಗೆ ಸಗಣಿ ಬಗ್ಗಡ ಕೊಡಿ, ಹೊಸ ಸುಳಿ ಹಸಿರಾಗಿ ಬರುತ್ತದೆ. ಪುಡಿಯನ್ನು ಗುಂಡಿಗೆ ಹಾಕಿ ಒಂದು ಪದರ ಪುಡಿ, ಒಂದು ಪದರ ಸಗಣಿ ಮಾಡಿ ನೀರು ಚಿಮುಕಿಸಿ ವರ್ಷ ಬಿಟ್ಟರೆ ಒಳ್ಳೆಯ ಗೊಬ್ಬರ. ತೆಂಗಿನ ಪುಡಿಯಾದರೆ ಗುಡ್ಡೆ ಬಿಡಲೇಬೇಡಿ, ಕುರುವಾಯಿಗೆ ಬಾಣಂತಿ ಮನೆ ಮಾಡಿಕೊಟ್ಟ ಹಾಗೆ. ಎರಡು ವಾರಕ್ಕೊಮ್ಮೆ ಗುಂಡಿ ಕೆದಕಿ, ಹೆಬ್ಬೆರಳು ದಪ್ಪದ ಬಿಳಿ ಹುಳ ಸುರುಳಿ ಸುತ್ತಿ ಮಲಗಿದ್ದರೆ ಆರಿಸಿ ಕೋಳಿಗೆ ಹಾಕಿ. ನಮ್ಮ ಮನೆ ಕೋಳಿಗಳು ಗುದ್ದಲಿ ಸದ್ದು ಕೇಳಿದರೆ ಸಾಕು, ಓಡಿ ಬರುತ್ತವೆ.